ಟಲ್ಲಡೇಗಾದಲ್ಲಿ ಹಳೇ ತೋಟಾಗಳ ಜೊತೆ ಒಂದು ದಿನ

ಅಟ್ಲಾಂಟಾದಿಂದ ಟಲ್ಲಡೇಗಾದ ಶೂಟಿಂಗ್ ರೇಂಜ್‌ಗೆಂದು ಐ-20 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ, ಅಲಬಾಮಾ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಒಂದು ಗಂಟೆ ನಮಗೆ ಬೇಕೇ ಬೇಕಿತ್ತು. ಡಿಕ್ಕಿಯಲ್ಲಿ ಎರಡು ಹಳೇ ರೈಫಲ್ (ಅಮೆರಿಕದ ಗರಾಂಡ್, ಬ್ರಿಟಿಷರ ಲೀ-ಎನ್‌ಫೀಲ್ಡ್), ಗರಾಂಡ್‌ಗೆಂದು ಒಂದು ಸೀಲ್ ಒಡೆಯದ ತಗಡಿನ ಡಬ್ಬಿ, ಮತ್ತೆ ಲೀ-ಎನ್‌ಫೀಲ್ಡ್‌ಗೆಂದು ಒಂದು ಬಟ್ಟೆ ಚೀಲದ ತುಂಬಾ .303 ತೋಟಾಗಳು. ಚೀಲದ ಒಂದೊಂದು ತೋಟಾವನ್ನೂ ತಿರುಗಿಸಿ ನೋಡದೆ ಹಾರಿಸುವ ಹಾಗಿಲ್ಲ ಎಂದು ಗೆಳೆಯ ಮೊದಲೇ ಹೇಳಿದ್ದ.

ರೈಫಲ್‌ಗಳು ಅವನವು. ನನಗೆ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಹಾರಿಸಲು ತೊಂದರೆಯಿಲ್ಲ. ಜೊತೆಗೆ ಬಂದ ನನ್ನ ಭಾವಮೈದುನ ಟೂರಿಸ್ಟ್ ವೀಸಾದಲ್ಲಿದ್ದ. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಅಂಥವರು ಇಲ್ಲಿ ಬಂದೂಕನ್ನಾಗಲಿ ತೋಟಾವನ್ನಾಗಲಿ ಹಿಡಿಯುವಂತಿಲ್ಲ. ಅದು ಫೆಡರಲ್ ಕಾನೂನು. ಹಾಗಾಗಿ ಅವನು ನೋಟ್‌ಬುಕ್ ಹಿಡಿದುಕೊಂಡ.

ಟಲ್ಲಡೇಗಾ ಮಾರ್ಕ್ಸ್‌ಮನ್‌ಶಿಪ್ ಪಾರ್ಕ್ ತೆರೆದದ್ದು 2015ರಲ್ಲಿ. ಸುಮಾರು 500 ಎಕರೆ ಜಾಗ, ಸುತ್ತ ಪೈನ್ ಮರಗಳು. ಸೇನೆಯಿಂದ ನಿವೃತ್ತಿಯಾದ ಎಂ1 ಗರಾಂಡ್ ರೈಫಲ್‌ಗಳನ್ನು ನಾಗರಿಕರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಇದನ್ನು ನಡೆಸುತ್ತದೆ. 200, 300, 600 ಗಜಗಳ ಗುರಿಗಳಿವೆ. ಗುಂಡು ಎಲ್ಲಿ ಬಿತ್ತೆಂದು ನೋಡಲು ನಡೆದು ಹೋಗಬೇಕಿಲ್ಲ, ಪಕ್ಕದ ಪರದೆಯಲ್ಲೇ ಕಾಣುತ್ತದೆ.

ಮೊದಲು ತಗಡಿನ ಡಬ್ಬಿ ತೆರೆದೆವು. ಒಳಗೆ ಗ್ರೀಸ್ ದೇಶದ .30-06 ತೋಟಾಗಳು. 06 ಅಂದರೆ ಅಮೆರಿಕದ ಸೇನೆ ಇದನ್ನು ಒಪ್ಪಿಕೊಂಡ 1906ನೇ ಇಸವಿ. ಎಂಟೆಂಟು ತೋಟಾ ಒಂದು ಕ್ಲಿಪ್‌ನಲ್ಲಿ, ಆರು ಕ್ಲಿಪ್ ಒಂದು ಬಟ್ಟೆ ಪಟ್ಟಿಯಲ್ಲಿ, ಅಂಥ ನಾಲ್ಕು ಪಟ್ಟಿ: ಒಟ್ಟು 192. ಬುಡದಲ್ಲಿ ಗ್ರೀಕ್ ತಯಾರಕರ ಗುರುತಾದ ಎಚ್‌ಎಕ್ಸ್‌ಪಿ ಎಂಬ ಅಕ್ಷರಗಳು, ಜೊತೆಗೆ ವರ್ಷದ ಎರಡು ಅಂಕಿ. ಈ ಗುರುತು ಕಂಡರೆ ಮನಸ್ಸು ಹಗುರ. ಇದರ ಪ್ರೈಮರ್, ಅಂದರೆ ಮದ್ದಿಗೆ ಬೆಂಕಿ ಹೊತ್ತಿಸುವ ಬುಡದ ಪುಟ್ಟ ಬಟ್ಟಲು, ನಳಿಗೆಗೆ ತುಕ್ಕು ಹಿಡಿಸುವುದಿಲ್ಲ, ಹಿತ್ತಾಳೆ ಕೇಸನ್ನು ಮತ್ತೆ ತುಂಬಿಸಿಕೊಳ್ಳಬಹುದು.

ಚೀಲದ್ದು ಹಾಗಲ್ಲ. ಮೇಜಿನ ಮೇಲೆ ಸುರಿದಾಗ ನಾಲ್ಕೈದು ಕಾರ್ಖಾನೆಗಳ ಮಾಲು ಕಲಸಿಹೋಗಿತ್ತು. ಮೂರು ಸಾಲು ಮಾಡಿದೆವು. ಕೇಸಿನ ಕತ್ತಿನಲ್ಲಿ ಬಿರುಕು, ಹಸಿರು ಕಿಲುಬು, ಬೆರಳಲ್ಲಿ ಒತ್ತಿದರೆ ಅಲುಗುವ ಗುಂಡು, ಇವೆಲ್ಲ ಒಂದು ಕಡೆ. ಅವನ್ನು ಹಾರಿಸುವ ಮಾತೇ ಇಲ್ಲ. ಗುಂಡಿನ ಮೂತಿಗೆ ಬಣ್ಣ ಇದ್ದದ್ದು, ಒಳಗೆ ಉಕ್ಕಿರಬಹುದು ಎಂಬಂತೆ ಆಯಸ್ಕಾಂತಕ್ಕೆ ಅಂಟಿದ್ದು ಇನ್ನೊಂದು ಕಡೆ. ಬಣ್ಣದ ಅರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ .30-06ರಲ್ಲಿ ಕಪ್ಪು ಮೂತಿ ಅಂದರೆ ಉಕ್ಕು ಭೇದಿಸುವ ಗುಂಡು. ರಷ್ಯಾದ ತೋಟಾದಲ್ಲಿ ಹಸಿರು ಮೂತಿ ಅಂದರೆ ಬೆಂಕಿಯ ಗೆರೆ ಎಳೆಯುವ ಟ್ರೇಸರ್. ಒಣ ಹುಲ್ಲಿನ ರೇಂಜ್‌ನಲ್ಲಿ ಟ್ರೇಸರ್ ಹಾರಿದರೆ ಏನಾಗುತ್ತೆ ಹೇಳಬೇಕಿಲ್ಲ, ಅಲ್ವಾ? ಉಳಿದದ್ದು ಮೂರನೇ ಸಾಲು.

ನಾನು ಬುಡದ ಅಕ್ಷರ ಓದುತ್ತಿದ್ದೆ, ಭಾವಮೈದುನ ಬರೆದುಕೊಳ್ಳುತ್ತಿದ್ದ. ಒಂದು ತೋಟಾದ ಮೇಲೆ ಕೆ, ಎಫ್ ಎಂದು ಕಂಡಿತು. ಕಿರ್ಕಿ ಫ್ಯಾಕ್ಟರಿ! ನಮ್ಮ ಪುಣೆಯ ಪಕ್ಕದ ಖಡ್ಕಿ. ಜೊತೆಗೆ 1943. ಅಂಥವು ಏಳು ಸಿಕ್ಕವು. ಒಳಗೆ ಕಾರ್ಡೈಟ್ ಇದ್ದಿರಬೇಕು. ಅದು ಪುಡಿಯಲ್ಲ, ಶಾವಿಗೆಯಂತೆ ಉದ್ದುದ್ದ ಎಳೆಗಳಾಗಿ ಇರುವ ಮದ್ದು. ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಇತ್ತು. ಊಟಿಯಿಂದ ಕೂನೂರಿಗೆ ಹೋದವರು ಅದರ ಹತ್ತಿರವೇ ಓಡಾಡಿರುತ್ತಾರೆ. ಇದರ ಮದ್ದು ಅಲ್ಲಿಂದಲೇ ಬಂದಿತ್ತೇನೋ. ಅಲಬಾಮಾದ ಮೇಜಿನ ಮೇಲೆ ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಗರಾಂಡ್ ಹಾರಿಸಿದ್ದು ಸುಲಭದ ಕೆಲಸ. ಎಂಟು ಗುಂಡು, ಕೊನೆಗೆ ಖಾಲಿ ಕ್ಲಿಪ್ ಟಿಂಗ್ ಎಂದು ಹಾರುತ್ತದೆ. 200 ಗಜದಲ್ಲಿ ನನ್ನ ಎಂಟೂ ಗುಂಡು ಪರದೆಯ ಮೇಲೆ ಒಂದೇ ಗುಂಪಾಗಿ ಕಂಡಾಗ ತುಂಬಾ ಖುಷಿಯಾಯಿತು.

ಆಮೇಲೆ ಲೀ-ಎನ್‌ಫೀಲ್ಡ್. ಮೂರನೇ ಸಾಲಿನಲ್ಲಿ ಬೇರೊಂದು ಕಾರ್ಖಾನೆಯ ತೋಟಾಗಳೇ ಜಾಸ್ತಿ ಇದ್ದವು, ಅವುಗಳಿಂದ ಶುರು ಮಾಡಿದೆವು. ಮೊದಲ ಎರಡು ಸರಿಯಾಗಿ ಹೋದವು. ಮೂರನೆಯದಕ್ಕೆ ಟ್ರಿಗರ್ ಎಳೆದರೆ ಟಕ್ ಎಂದಷ್ಟೇ ಸದ್ದು. ನಾನು ಅಲುಗಾಡಲಿಲ್ಲ. ನಳಿಗೆ ಗುರಿಯ ಕಡೆಗೇ ಇತ್ತು. ಆಗ ಢಂ! ಇದನ್ನೇ ಹ್ಯಾಂಗ್‌ಫೈರ್ ಅನ್ನುತ್ತಾರೆ. ಪ್ರೈಮರ್ ಹಳತಾಗಿ ಮದ್ದಿಗೆ ಬೆಂಕಿ ತಡವಾಗಿ ತಲುಪುತ್ತದೆ. ಆ ಗಳಿಗೆಯಲ್ಲಿ ಆತುರಪಟ್ಟು ಬೋಲ್ಟ್ (ತೋಟಾವನ್ನು ನಳಿಗೆಯೊಳಗೆ ಮುಚ್ಚಿ ಹಿಡಿಯುವ ಉಕ್ಕಿನ ಭಾಗ) ಎಳೆದಿದ್ದರೆ ತೋಟಾ ಮುಖದ ಹತ್ತಿರವೇ ಒಡೆಯುತ್ತಿತ್ತು. ಟಕ್ ಎಂದು ಸುಮ್ಮನಾದರೆ ನಳಿಗೆ ಕದಲಿಸದೆ ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಗೆಳೆಯ ಹೇಳಿಕೊಟ್ಟ ಮಾತುಗಳಲ್ಲಿ ನನ್ನ ಕಣ್ಣು ಉಳಿಸಿದ್ದು ಇದು.

ಆ ಗುರುತಿನ ತೋಟಾಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿದೆವು. ಖಡ್ಕಿಯ ಏಳನ್ನು ಏನು ಮಾಡುವುದು? ಹಾರಿಸಬೇಕೆಂಬ ಆಸೆ ನನಗೆ ತುಂಬಾ ಇತ್ತು. ಆದರೆ ಬೆಳಕಿಗೆ ಹಿಡಿದು ಮತ್ತೆ ನೋಡಿದಾಗ ಎರಡರ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಒಂದೇ ವರ್ಷದ ಜೊತೆಗಾರರು, ಉಳಿದ ಐದರ ಮೇಲೂ ನಂಬಿಕೆ ಬರಲಿಲ್ಲ. ಬೇಡ ಎಂದೆ. ಜೀವಂತ ತೋಟಾವನ್ನು ಊರಿಗೆ ಒಯ್ಯುವ ಮಾತೂ ಇಲ್ಲ. ನಾನು ಒಂದನ್ನು ಬುಡ ಮೇಲಾಗಿ ಹಿಡಿದು, ನೋಟ್‌ಬುಕ್‌ನ ಹಾಳೆಯನ್ನು ಅದರ ಬುಡದ ಮೇಲಿಟ್ಟು, ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಮೂಡಿದವು. ಭಾವಮೈದುನ ಆ ಹಾಳೆಯನ್ನು ಮಡಚಿ ಪಾಸ್‌ಪೋರ್ಟ್‌ನಲ್ಲಿ ಇಟ್ಟುಕೊಂಡ.

ರಾತ್ರಿ ಮೋಟೆಲ್‌ನಲ್ಲಿ ನೀರು ಕುದಿಸಿದೆವು. .303ರ ಹಳೇ ಪ್ರೈಮರ್‌ಗಳಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಅದು ಉಪ್ಪಾಗಿ ನಳಿಗೆಯಲ್ಲಿ ಉಳಿದು, ಗಾಳಿಯ ತೇವ ಹೀರಿ ತುಕ್ಕು ತರುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರೇ ಬೇಕು. ಫನಲ್ ಇಟ್ಟು ಬಿಸಿನೀರು ಹೊಯ್ದೆವು, ಒಣಬಟ್ಟೆ ಎಳೆದೆವು, ಕೊನೆಗೆ ಎಣ್ಣೆ. ಅಲಬಾಮಾದ ಸೆಕೆಯಲ್ಲಿ ಇದನ್ನು ನಾಳೆಗೆ ಬಿಡುವಂತಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಟಾರ್ಚ್ ಹಿಡಿದು ನಳಿಗೆಯೊಳಗೆ ನೋಡಿದೆ. ಸುರುಳಿ ಗೆರೆಗಳು ಕೊನೆಯವರೆಗೂ ಹೊಳೆಯುತ್ತಿದ್ದವು. ಬಿಳಿ ಬಟ್ಟೆ ಇನ್ನೊಮ್ಮೆ ಎಳೆದೆ. ಬಿಳಿಯಾಗೇ ಬಂತು.