ಹಳೇ ಲಾರಿ ಹುಡುಕಿಕೊಂಡು ಮಲೆನಾಡಲ್ಲಿ ಎರಡು ದಿನ

ಕಳೆದ ಜನವರಿಯಲ್ಲಿ ಅಪ್ಪನ ಜೊತೆ ಕಾರಲ್ಲಿ ಹೊರಟೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಮತ್ತೆ ಶಿವಮೊಗ್ಗ. ಹೋಗಿದ್ದು ಹಳೇ ಲಾರಿ ನೋಡಲಿಕ್ಕೆ. ಅಪ್ಪ ಹುಡುಗರಾಗಿದ್ದಾಗ ನಾಟಾ, ಅಂದರೆ ಮರದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ನಿಮಗೂ ಇಂಥವರು ಯಾರಾದರೂ ಗೊತ್ತಿದ್ದರೆ ಕರೆದುಕೊಂಡು ಹೋಗಿ. ನಾನೊಬ್ಬನೇ ಹೋಗಿದ್ದರೆ ಅರ್ಧಕ್ಕರ್ಧ ಕಾಣದೆ ಬರುತ್ತಿದ್ದೆ.

ಮೊದಲ ದಿನ ಬೆಳಗ್ಗೆ ಹೆದ್ದಾರಿಯನ್ನೇ ನೋಡುತ್ತಾ ಹೋದೆ. ತೀರ್ಥಹಳ್ಳಿವರೆಗಿನ ಸುಮಾರು 60 ಕಿ.ಮೀ. ದಾರಿಯಲ್ಲಿ ಒಂದೂ ಸಿಗಲಿಲ್ಲ. "ಮುದುಕ್ರು ಪೇಟೇಲಿ ಓಡಾಡ್ತಾರೇನೋ? ಹಿತ್ಲಲ್ಲಿ ಹುಡ್ಕು ಮಾರಾಯ" ಎಂದರು ಅಪ್ಪ. ಅದು ನಿಜ. ಸಾಮಿಲ್ಲು, ಅಕ್ಕಿ ಗಿರಣಿ, ಜಂಬಿಟ್ಟಿಗೆ ಕಲ್ಲಿನ ಕ್ವಾರಿ, ಗ್ಯಾರೇಜಿನ ಹಿಂಭಾಗ, ಇಂಥ ಕಡೆ ಇಳಿದು ವಿಚಾರಿಸಿ. ದೂರದ ಬಾಡಿಗೆಗೆ ಆಗದ ಗಾಡಿಗಳು ಅಲ್ಲಿರುತ್ತವೆ.

ಹೊಸನಗರ ದಾರಿಯ ಒಂದು ಸಾಮಿಲ್ಲಿನ ಹಿಂದೆ ಟಾಟಾ ಮರ್ಸಿಡಿಸ್ ಬೆಂಜ್ ನಿಂತಿತ್ತು. ಉದ್ದ ಬಾನೆಟ್, ಗ್ರಿಲ್ ಮೇಲೆ ಮೂರು ಮೊನೆಯ ನಕ್ಷತ್ರ. ಟಾಟಾದವರ ಟೆಲ್ಕೊ ಕಂಪನಿ (ಈಗಿನ ಟಾಟಾ ಮೋಟಾರ್ಸ್) ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ 1954ರಿಂದ ಈ ಲಾರಿಗಳನ್ನು ಮಾಡುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗಕ್ಕೆ ಟಾಟಾದ 'ಟಿ' ಬಂತು. ಹಾಗಾಗಿ ಮೊದಲು ಮೂತಿ ನೋಡಿ. ಗ್ರಿಲ್ ಬದಲಾಯಿಸಿರಬಹುದು, ಅದೂ ತಲೆಯಲ್ಲಿರಲಿ. ಕ್ಯಾಬಿನ್ ನೋಡಿ ಮಾತ್ರ ವಯಸ್ಸು ಹೇಳಬೇಡಿ. ಆಗೆಲ್ಲ ಲಾರಿ ಕೊಂಡರೆ ಸಾಮಾನ್ಯವಾಗಿ ಬರುತ್ತಿದ್ದದ್ದು ಇಂಜಿನ್, ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು), ಮುಂದಿನ ಮೂತಿ ಅಷ್ಟೇ. ಕ್ಯಾಬಿನ್ನು, ಬಾಡಿ ಎರಡನ್ನೂ ಇಲ್ಲಿಯವರೇ ಮರದಲ್ಲಿ ಕಟ್ಟುತ್ತಿದ್ದರು. ಮಲೆನಾಡಲ್ಲಿ ಮರಕ್ಕೇನು ಬರ, ಅಲ್ವಾ? ನಂಬರ್ ಪ್ಲೇಟೂ ಒಂದು ಸುಳಿವು. ಶಿವಮೊಗ್ಗದ್ದು ಕೆಎ 14, ಸಾಗರದ್ದು ಕೆಎ 15. ಅದರ ಬದಲು 'ಎಂವೈ' ಎಂದು ಶುರುವಾದರೆ ಗಾಡಿ 1989ಕ್ಕಿಂತ ಹಿಂದಿನದು.

ಮಾಲೀಕರನ್ನು ಕೇಳಿ ಅಪ್ಪ ಹತ್ತಿ ಕೂತರು. ಪವರ್ ಸ್ಟೇರಿಂಗ್ ಇಲ್ಲದ ಆ ದೊಡ್ಡ ಚಕ್ರ ಹಿಡಿದು ಡಬಲ್ ಕ್ಲಚ್ ತೋರಿಸಿದರು. ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ತುಳಿದು ಕೆಳಗಿನ ಗೇರ್. ನಾಟಾ ತುಂಬಿಕೊಂಡು ಘಾಟಿ ಇಳಿಯುವಾಗ ಗೇರ್ ಬೀಳದಿದ್ದರೆ ಗಾಡಿ ಕೈಗೆ ಸಿಗದು. ಅವರ ಡ್ರೈವರ್ ಇಳಿಜಾರು ಬರುವ ಮೊದಲೇ ಗೇರ್ ಇಳಿಸಿಕೊಳ್ಳುತ್ತಿದ್ದರಂತೆ. ನಾನು ಸುಮ್ನೆ ನೋಡುತ್ತಾ ನಿಂತೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಆ ಹತ್ತು ನಿಮಿಷ.

ಸಾಮಿಲ್ಲಿಗೆ ಕ್ಯಾಮೆರಾ ಹಿಡಿದು ಹೋಗಬೇಡಿ. ಮರದ ವ್ಯವಹಾರ, ಅರಣ್ಯ ಇಲಾಖೆಯವರೇನೋ ಎಂದು ಗಾಬರಿಯಾಗುತ್ತಾರೆ. ಒಂದು ಕಡೆ ನಮ್ಮನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಆಮೇಲೆ ಕ್ಯಾಮೆರಾ ಕಾರಲ್ಲೇ ಬಿಟ್ಟು, ಮೊದಲು ಅಪ್ಪ ಮಾತಾಡಿಸುತ್ತಿದ್ದರು. ಚಹಾನೂ ಸಿಕ್ಕಿತು.

ಮಳೆಗಾಲ ಬೇಡ. ಗಾಡಿಗಳು ಟಾರ್ಪಾಲಿನ ಕೆಳಗಿರುತ್ತವೆ, ಹಿತ್ತಲಿಗೆ ಹೋದರೆ ಇಂಬಳ (ಜಿಗಣೆ). ಆಗುಂಬೆ ಘಾಟಿಯ 14 ತಿರುವುಗಳು ಚೆಂದವೇ, ಆದರೆ ಅಲ್ಲಿ ಭಾರೀ ಲಾರಿ ಬಿಡುವುದಿಲ್ಲ.

ಸಾಗರದ ಒಂದು ಗ್ಯಾರೇಜಿನಲ್ಲಿ ಅಶೋಕ್ ಲೇಲ್ಯಾಂಡ್ ಕಾಮೆಟ್ ಇತ್ತು. ಇಂಜಿನ್ ಇರಲಿಲ್ಲ. ಗುಜರಿಯವರು ಆಗಲೇ ಮುಂಗಡ ಕೊಟ್ಟಿದ್ದರು. ಅಪ್ಪ ಬಟ್ಟೆಯಲ್ಲಿ ಧೂಳು ಒರೆಸಿ, ಚಾಸಿ ನಂಬರ್ ಓದಿ ಹೇಳಿದರು. ನಾನು ಬರೆದುಕೊಂಡೆ. ನೀವೂ ಒಂದು ಪುಸ್ತಕ, ಪೆನ್ನು ಇಟ್ಟುಕೊಂಡಿರಿ.