ಆಪರೇಷನ್ ಥಿಯೇಟರ್ ಖಾಲಿ ಇತ್ತು, ಸಿಸ್ಟರ್ ಇರಲಿಲ್ಲ

ಸರ್ಕಾರಿ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸೆ ವಿಭಾಗದಲ್ಲಿ ವೇಟಿಂಗ್ ಲಿಸ್ಟ್ ನೋಡಿಕೊಳ್ಳುವುದು ನನ್ನ ಕೆಲಸ. ಮೊನ್ನೆ ಒಂದು ಎವಿಆರ್ (ಹೃದಯದ ಅಯೋರ್ಟಿಕ್ ಕವಾಟ ಬದಲಿಸುವ ಆಪರೇಷನ್) ಕೇಸ್ ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಆಯಿತು. ಆ ಸಂಕಟ ಇನ್ನೂ ಹೋಗಿಲ್ಲ.

ಬೆಳಿಗ್ಗೆಯ ಮೊದಲ ಕೇಸ್. ಡೆಂಟಲ್ ಫಿಟ್‌ನೆಸ್, ರಕ್ತದ ಕ್ರಾಸ್ ಮ್ಯಾಚ್, ಪ್ರೆಪ್ ಎಲ್ಲಾ ಮುಗಿದಿತ್ತು. ಹಾರ್ಟ್-ಲಂಗ್ ಮಷೀನ್ ನಡೆಸುವ ಪರ್ಫ್ಯೂಷನಿಸ್ಟ್ ಅದರ ಪಂಪ್ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಐಸಿಯು ಇನ್‌ಚಾರ್ಜ್ ಸಿಸ್ಟರ್ ಫೋನ್. "ರಾತ್ರಿ ಒಂದು ಡಿಸೆಕ್ಷನ್ ಬಂತು. ನಿಮ್ಮ ಬೆಡ್ ಹೋಯ್ತು." ಡಿಸೆಕ್ಷನ್ ಅಂದರೆ ಮಹಾಧಮನಿಯ ಒಳಪದರ ಸೀಳುವುದು, ಕಾಯಿಸಲಾಗದ ಎಮರ್ಜೆನ್ಸಿ.

ಪಕ್ಕದಲ್ಲಿ ಇನ್ನೊಂದು ಬೆಡ್ ಇತ್ತು. ವೆಂಟಿಲೇಟರ್, ಮಾನಿಟರ್ ಸಮೇತ. ನೋಡಿಕೊಳ್ಳೋಕೆ ಸಿಸ್ಟರ್ ಇರಲಿಲ್ಲ. ಎದೆ ತೆರೆದು ಆಪರೇಷನ್ ಆದವರ ಪಕ್ಕ ಮೊದಲ ರಾತ್ರಿ ಒಬ್ಬರು ಇರಲೇಬೇಕು. ಎದೆಯಿಂದ ರಕ್ತ ಹೊರಗೆ ತರುವ ಡ್ರೈನ್ ನಳಿಕೆಯಲ್ಲಿ ರಕ್ತ ಜಾಸ್ತಿ ಬಂದರೆ ಒಂದು ಭಯ. ಇದ್ದಕ್ಕಿದ್ದಂತೆ ನಿಂತರೆ ಇನ್ನೂ ದೊಡ್ಡ ಭಯ, ಒಳಗೇ ತುಂಬಿ ಹೃದಯವನ್ನು ಅದುಮುತ್ತಿರಬಹುದು.

ಐಸಿಯುನಿಂದ ಯಾರನ್ನಾದರೂ ಸ್ಟೆಪ್‌ಡೌನ್‌ಗೆ (ಸ್ವಲ್ಪ ಸುಧಾರಿಸಿದವರ ವಾರ್ಡ್) ಕಳಿಸಬಹುದಾ ಅಂತ ಸರ್ಜನ್, ಅನಸ್ತೇಷಿಯಾ ಮೇಡಂ, ನಾನು ಒಂದೊಂದೇ ಬೆಡ್ ಲೆಕ್ಕ ಹಾಕಿದೆವು. ಒಬ್ಬರು ಇನೊಟ್ರೋಪ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ) ಮೇಲೆ. ಇನ್ನೊಬ್ಬರ ಉಸಿರಾಟದ ಟ್ಯೂಬ್ ಆಗಷ್ಟೇ ತೆಗೆದಿದ್ದರು. ಆಗಲ್ಲ. ಅಷ್ಟು ಹೊತ್ತೂ ನಮ್ಮ ಎವಿಆರ್ ಪೇಶೆಂಟ್ ಟ್ರಾಲಿ ಮೇಲೇ ಇದ್ದರು. ಇವತ್ತು ಆಪರೇಷನ್ ಇಲ್ಲ ಅಂತ ಹೋಗಿ ಹೇಳಿದೆ. "ಹಾಗಾದ್ರೆ ನೀರು ಕುಡೀಬಹುದಾ?" ಅಂತ ಕೇಳಿದರು, ಅಷ್ಟೇ.

ಲಿಸ್ಟ್‌ನಲ್ಲಿ ಅವರು 'ಎಲೆಕ್ಟಿವ್', ಅಂದರೆ ತುರ್ತಲ್ಲದ ಕೇಸ್. ಹೆಸರು ಬರೆಸಿದಾಗ ನಡೆದರೆ ಮಾತ್ರ ದಮ್ಮು ಬರುತ್ತಿತ್ತು. ಅವರ ಮನೆಯವರು ಹೊರಗೆ ನನ್ನ ಹತ್ತಿರ ಹೇಳಿದರು: "ಈಗ ಮಲಗೋಕೇ ಆಗಲ್ಲ, ರಾತ್ರಿಯೆಲ್ಲಾ ಕೂತೇ ಇರ್ತಾರೆ." ಆ ಮಾತು ಬರೆಯಲು ಲಿಸ್ಟ್‌ನಲ್ಲಿ ಕಾಲಂ ಇರಲಿಲ್ಲ. ಅವರಿಗಿದ್ದ ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲಿ (ಅಯೋರ್ಟಿಕ್ ಕವಾಟ ಕಿರಿದಾಗುವ ಕಾಯಿಲೆ) ಕವಾಟ ಬದಲಿಸದಿದ್ದರೆ ಏನಾಗುತ್ತದೆ ಅಂತ ರಾಸ್ ಮತ್ತು ಬ್ರಾನ್‌ವಾಲ್ಡ್ ಎಂಬ ವೈದ್ಯರು 1968ರಲ್ಲೇ ತೋರಿಸಿದ್ದಾರೆ. ಹಾರ್ಟ್ ಫೇಲ್ಯೂರ್ ಶುರುವಾದ ಮೇಲೆ ಬದುಕುವುದು ಸರಾಸರಿ 2 ವರ್ಷದಷ್ಟು. ನಾವು ಮಾತ್ರ ಹೆಸರು ಬರೆಸಿದ ತಾರೀಖು ನೋಡಿಕೊಂಡು ಕೂತಿರುತ್ತೇವೆ.

ಇನ್ನು ದುಡ್ಡು. ಕ್ಯೂ ಕರಗಿಸಬೇಕು ಅಂದಾಗೆಲ್ಲ ಮೇಲಿನವರು ಯಂತ್ರಕ್ಕೆ ಮಂಜೂರು ಮಾಡುತ್ತಾರೆ. ಅದು ಒಂದು ಸಲದ ಖರ್ಚು, ಸಹಿ ಬೇಗ ಬೀಳುತ್ತದೆ. ಸಿಸ್ಟರ್ ಸಂಬಳ ಪ್ರತಿ ತಿಂಗಳದ್ದು, ಆ ಫೈಲ್ ಅಲ್ಲೇ ನಿಲ್ಲುತ್ತದೆ. ಒಂದು ಐಸಿಯು ಬೆಡ್‌ಗೆ ದಿನಕ್ಕೆ 3 ಶಿಫ್ಟ್, ವಾರಕ್ಕೆ 21. ಒಬ್ಬರು ವಾರಕ್ಕೆ 6 ಶಿಫ್ಟ್ ಮಾಡಿದರೂ ಮೂರೂವರೆ ಜನ. ರಜೆ, ನೈಟ್ ಆಫ್ ಸೇರಿಸಿದರೆ ಹತ್ತತ್ತಿರ 5. ಇಷ್ಟು ಸುಲಭದ ಲೆಕ್ಕ ಪ್ರತಿ ಮೀಟಿಂಗ್‌ನಲ್ಲೂ ಮೊದಲಿಂದ ಹೇಳಬೇಕು. ಸಿಟ್ಟು ಬರುತ್ತೆ.

ಅವರ ಕೇಸ್ ಮುಂದಿನ ವಾರ ಆಯಿತು, ಚೆನ್ನಾಗಿದ್ದಾರೆ. ಈಗ ಲಿಸ್ಟ್‌ನಲ್ಲಿರುವ ಎಲ್ಲರಿಗೂ ಪ್ರತಿ ತಿಂಗಳು ಫೋನ್ ಮಾಡುತ್ತೇವೆ. ಎಷ್ಟು ದಿಂಬು ಇಟ್ಟು ಮಲಗ್ತೀರಿ, ತಲೆ ಸುತ್ತಿ ಬಿದ್ದಿದ್ದೀರಾ, ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತೆ ಅಂತ ಕೇಳಿ ಬರೆದುಕೊಳ್ಳುತ್ತೇವೆ. ಉತ್ತರ ಕೆಟ್ಟದಾಗಿದ್ದರೆ ಅವತ್ತೇ ಸರ್ಜನ್‌ಗೆ ತೋರಿಸುತ್ತೇನೆ. ಕ್ಯಾನ್ಸಲ್ ಆದ ಪ್ರತಿ ಕೇಸ್ ಮುಂದೆ ಕಾರಣವನ್ನೂ ಬರೆಯುತ್ತಿದ್ದೇನೆ. ಮುಂದಿನ ಬಜೆಟ್ ಮೀಟಿಂಗ್‌ಗೆ ಸಿಸ್ಟರ್ ಹುದ್ದೆಗಳ ಬೇಡಿಕೆ ಜೊತೆ ಆ ಪಟ್ಟಿಯೂ ಹೋಗುತ್ತದೆ.