ಅದನ್ನ ಕೆರೆಗೆ ಬಿಡಬೇಡ ಕಣೋ

ಪುಣ್ಯ ಕಟ್ಕೊಳ್ಳೋಕೆ ಹೋಗಿ ಒಂದು ಆಮೆಯನ್ನು ಮುಳುಗಿಸಿ ಸಾಯಿಸುವವನಿದ್ದೆ ನಾನು.

ಚಿಂತಾಮಣಿ ಹತ್ತಿರ ನಮ್ಮ ದೊಡ್ಡಪ್ಪನ ಊರು. ಮೊದಲ ಮಳೆ ಬಿದ್ದ ಮಾರನೇ ದಿನ ಇಬ್ಬರೂ ಬೈಕಿನಲ್ಲಿ ಹೊಲಕ್ಕೆ ಹೊರಟಿದ್ದೆವು. ದಾರಿ ಮಧ್ಯೆ ಅಂಗೈಯಗಲದ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ನಕ್ಷತ್ರ ಬಿಡಿಸಿದ ಹಾಗೆ. ಎತ್ತಿಕೊಂಡೆ. ಬುಸ್ ಅಂದು ತಲೆ ಎಳೆದುಕೊಂಡಿತು, ಕೈ ಮೇಲೆ ಉಚ್ಚೆ ಹೊಯ್ದಿತು. ಪಕ್ಕದಲ್ಲೇ ಕೆರೆ ಇತ್ತು, ಮಳೆ ನೀರು ಸ್ವಲ್ಪ ನಿಂತಿತ್ತು. ಪಾಪ, ನೀರು ಹುಡುಕಿಕೊಂಡು ಬಂದಿದೆ ಅಂದುಕೊಂಡು ಆ ಕಡೆ ನಡೆದೆ.

"ಲೇ, ಅದನ್ನ ಕೆರೆಗೆ ಬಿಡಬೇಡ ಕಣೋ, ಸತ್ತೋಗ್ತದೆ. ಅದು ನೀರಾಮೆ ಅಲ್ಲ," ಅಂತ ದೊಡ್ಡಪ್ಪ ಹಿಂದಿನಿಂದ ಕೂಗಿದರು.

ನಮ್ಮದೂ ಒಂದು ಕಷ್ಟ ನೋಡಿ. ಇಂಗ್ಲಿಷಿನಲ್ಲಿ ಟರ್ಟಲ್, ಟಾರ್ಟಾಯ್ಸ್ ಅಂತ ಬೇರೆ ಬೇರೆ ಹೆಸರಿದೆ, ನಮಗೆ ಬಾವಿಯಲ್ಲಿರೋದೂ ಆಮೆ, ಕಡಲಲ್ಲಿರೋದೂ ಆಮೆ, ಹುಲ್ಲಿನಲ್ಲಿ ಓಡಾಡೋದೂ ಆಮೆ. ಗೊತ್ತಾಗಬೇಕಂದರೆ ಕಾಲು ನೋಡಬೇಕು. ನೀರಾಮೆಗೆ ಬೆರಳುಗಳ ನಡುವೆ ಪೊರೆ ಇರುತ್ತದೆ, ಕಡಲಾಮೆಯ ಕಾಲಂತೂ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ನನ್ನ ಕೈಲಿದ್ದದ್ದು ನಕ್ಷತ್ರ ಆಮೆ. ಅದರದ್ದು ಪುಟ್ಟ ಆನೆಯ ಕಾಲು, ಈಜೋಕೆ ಬರಲ್ಲ. ಹುಲ್ಲು, ಎಲೆ, ಉದುರಿದ ಹಣ್ಣು ತಿಂದುಕೊಂಡು ಕುರುಚಲು ಕಾಡಿನಲ್ಲಿ ಇರೋ ಪ್ರಾಣಿ. ಆ ಹಳದಿ ಗೆರೆಗಳೂ ಅಂದಕ್ಕಲ್ಲ. ಒಣಹುಲ್ಲಿನಲ್ಲಿ ಕೂತರೆ ಕಣ್ಣಿಗೇ ಬೀಳಲ್ಲ.

ಆ ಬುಸ್ ಕೂಡ ಕೋಪ ಅಲ್ಲವಂತೆ. ತಲೆ, ಕಾಲು ಒಳಗೆಳೆದುಕೊಂಡಾಗ ಜಾಗ ಸಾಲದೆ ಶ್ವಾಸಕೋಶದ ಗಾಳಿ ಹೊರಗೆ ಬರುತ್ತದೆ, ಅಷ್ಟೆ. ಚಿಪ್ಪು ಅಂದರೆ ಪಕ್ಕೆಲುಬು, ಬೆನ್ನುಮೂಳೆ ಎಲ್ಲ ಬೆಸೆದುಕೊಂಡು ಆದದ್ದು. ಹಾಗಾಗಿ ನಮ್ಮ ಥರ ಎದೆ ಉಬ್ಬಿಸಿ ಉಸಿರಾಡೋಕೆ ಆಗಲ್ಲ, ಒಳಗಿನ ಸ್ನಾಯುಗಳೇ ಆ ಕೆಲಸ ಮಾಡಬೇಕು. ಕಾರ್ಟೂನಿನಲ್ಲಿ ಆಮೆ ಅಂಗಿ ಬಿಚ್ಚಿದ ಹಾಗೆ ಚಿಪ್ಪು ಬಿಟ್ಟು ಹೊರಗೆ ಬರೋದು ಬರೀ ಸುಳ್ಳು. ಚಿಪ್ಪಿನ ಮೇಲೆ ಬೆರಳಾಡಿಸಿದರೆ ಅದಕ್ಕೆ ಗೊತ್ತಾಗುತ್ತದೆ. ಇನ್ನು ಉಚ್ಚೆ. ಒಣ ಸೀಮೆಯ ಆಮೆ ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ, ಹೆದರಿದರೆ ಚೆಲ್ಲಿಬಿಡುತ್ತದೆ. ಬೇಸಿಗೆಯಲ್ಲಿ ಸುಮ್ನೆ ಎತ್ತಿ ಆಡಿಸಿದರೂ ಅದಕ್ಕೆ ನಷ್ಟವೇ.

ಆಮೆ ಹೊಕ್ಕ ಮನೆ ಹಾಳು ಅಂತ ನಮ್ಮ ಕಡೆ ಹಳಬರು ಹೇಳುತ್ತಿದ್ದರು. ಈಗ ನೋಡಿದರೆ ಅದೃಷ್ಟ ಬರುತ್ತೆ ಅಂತ ಇದನ್ನೇ ಕದ್ದು ತಂದು ಸಾಕುತ್ತಾರೆ! ನನಗಂತೂ ಹಳಬರ ಮಾತೇ ವಾಸಿ ಅನ್ನಿಸುತ್ತದೆ, ಆಮೆಯಾದರೂ ಉಳಿಯುತ್ತಿತ್ತು. ಮನೆಯಲ್ಲಿ ಸಾಕೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸೂಟ್‌ಕೇಸಿನಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸೋದು ಎಷ್ಟು ಜಾಸ್ತಿ ಆಯಿತೆಂದರೆ, 2019ರಲ್ಲಿ ಸೈಟಿಸ್ ಅನ್ನೋ ದೇಶ-ದೇಶಗಳ ಒಪ್ಪಂದದಲ್ಲಿ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಪಟ್ಟಿಗೆ ಇದನ್ನು ಸೇರಿಸಿದರು.

ಇದನ್ನೆಲ್ಲ ಓದುತ್ತಾ ಹೋದಾಗ ಸಿಕ್ಕ ಹೆಸರು ಜೆ. ವಿಜಯಾ. ಬೆಂಗಳೂರಿನಲ್ಲಿ ಹುಟ್ಟಿದವರು, ಹಾವು-ಆಮೆಗಳ ಅಧ್ಯಯನಕ್ಕೆ ಇಳಿದ ನಮ್ಮ ದೇಶದ ಮೊದಲ ಮಹಿಳೆ. ಕೇನ್ ಟರ್ಟಲ್ ಅಂತ ಪಶ್ಚಿಮ ಘಟ್ಟದ ಒಂದು ಚಿಕ್ಕ ಆಮೆ ಇದೆ. 1912ರಲ್ಲಿ ದಾಖಲಾದ ಮೇಲೆ ಸುಮಾರು 70 ವರ್ಷ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. 1982ರಲ್ಲಿ ಕೇರಳದ ಕಾಡಿನಲ್ಲಿ ಕಾಡರ್ ಬುಡಕಟ್ಟಿನ ಜನರ ನೆರವಿನಿಂದ ಈಕೆ ಅದನ್ನು ಮತ್ತೆ ಹುಡುಕಿದರು. 1987ರಲ್ಲಿ, ಇನ್ನೂ 30 ತುಂಬುವ ಮೊದಲೇ, ತೀರಿಕೊಂಡರು. ಈಗ ಆ ಆಮೆಯ ವೈಜ್ಞಾನಿಕ ಹೆಸರು ವಿಜಯಾಚೆಲಿಸ್ ಸಿಲ್ವಾಟಿಕಾ. ಚೆಲಿಸ್ ಅಂದರೆ ಗ್ರೀಕಿನಲ್ಲಿ ಆಮೆ. ವಿಜಯಾಳ ಆಮೆ! ಶಾಲೆಯಲ್ಲಿ ಒಬ್ಬರೂ ನಮಗೆ ಇದನ್ನು ಹೇಳಲಿಲ್ಲ.

ನಮ್ಮ ಆಮೆ ಏನಾಯಿತು ಅಂದರೆ, ದೊಡ್ಡಪ್ಪ ನನ್ನ ಕೈಯಿಂದ ತೆಗೆದುಕೊಂಡರು. ವಾಪಸ್ ಬಂದ ಕಡೆಗೆ ಬಿಡೋಣ ಅಂದೆ. "ಬಿಟ್ರೆ ತಿರುಗಾ ಇದೇ ರಸ್ತೆಗೆ ಬರ್ತದೆ. ಅದು ಯಾವ ಕಡೆ ಮುಖ ಮಾಡಿತ್ತು ಹೇಳು." ನೆನಪಿಸಿಕೊಂಡು ಹುಣಸೆಮರದ ಕಡೆ ಕೈ ತೋರಿಸಿದೆ. ಆ ಬದಿಯ ಹುಲ್ಲಿನಲ್ಲಿ ಇಟ್ಟು ದೂರ ನಿಂತೆವು. ಐದು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ದೊಡ್ಡಪ್ಪ ಬೀಡಿ ಹಚ್ಚಿಕೊಂಡರು, ನಾನು ಕಡ್ಡಿಪೆಟ್ಟಿಗೆ ಇಸ್ಕೊಂಡು ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಬರೀ ಹುಲ್ಲು.